ಮೂರನೇ ನಂಬರಿನ ಮಂಚ

ಸೇಡಂ
12 ಜುಲೈ 2024

ಉಮಾ,

ಕವರಿನ ಮೇಲಿನ ಅಕ್ಷರ ನೋಡಿಯೇ ಇದು ಯಾರ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮುಂಚೆ ಒಂದು ಸಲ ಓದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಹೋದ ವರ್ಷ ಮೂರು ಸಲ ಮಾಡಿದೆ. ಮೂರನೆಯ ಸಲ ನಿನ್ನ ಯಜಮಾನರು ಎತ್ತಿ, "ಆಕಿ ಎಮ್ಮಿ ಹಿಂಡಾಕತ್ಯಾಳ್ರೀ, ಆಮ್ಯಾಲ ಮಾಡ್ತಾಳ" ಎಂದರು. ಆ ಎಮ್ಮೆ ಇನ್ನೂ ಹಾಲು ಕೊಡುತ್ತಲೇ ಇದೆ ಎಂದುಕೊಂಡು ಸುಮ್ಮನಾಗಿದ್ದೇನೆ.

ನಾನು ಈಗ ಸೇಡಂನ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಐದು ವರ್ಷವಾಯಿತು. ಮಕ್ಕಳ ವಾರ್ಡಿನ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ಅದರಲ್ಲೂ ಹ್ಯಾಂಡೋವರ್. ಒಂದು ಪಾಳಿಯವಳು ಮನೆಗೆ ಹೋಗುವಾಗ ಮುಂದಿನ ಪಾಳಿಯವಳಿಗೆ ಕೂಸುಗಳನ್ನು ಒಪ್ಪಿಸಿ ಹೋಗುವ ಬಗೆ. ನಾವಿಬ್ಬರೂ ಶಹಾಬಾದಿನ ಆಸ್ಪತ್ರೆಯಲ್ಲಿದ್ದಾಗ ಅದನ್ನು ಮೇಜಿನ ಹತ್ತಿರ ನಿಂತು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಆಯಾ ಬಂದು "ಹೊರಗ ನಡೀರಿ, ಎಲ್ಲಾರೂ ಹೊರಗ" ಎಂದು ತಾಯಂದಿರನ್ನು ವರಾಂಡಕ್ಕೆ ಅಟ್ಟುತ್ತಿದ್ದಳು. ನಾವು ಪುಸ್ತಕ ತೆರೆದು ಒಂದನೇ ನಂಬರಿಗೆ ಇದು, ಎರಡನೇ ನಂಬರಿಗೆ ಅದು ಎಂದು ಓದಿ ಚಪ್ಪಲಿ ಮೆಟ್ಟುತ್ತಿದ್ದೆವು.

ಪ್ರತಿ ವರ್ಷ ಈ ಪಾಠದಲ್ಲಿ ನಾನು ಒಂದು ಸಂಗತಿ ಹೇಳುತ್ತೇನೆ. ಯಾವುದೆಂದು ನಿನಗೆ ಗೊತ್ತು. ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಒಂದು ಆಸ್ಪತ್ರೆಯ ಆರನೇ ನಂಬರಿನ ಮಂಚದಲ್ಲಿ ಹಿಂದಿನ ವಾರ ಒಂದು ಕೂಸು ತೀರಿಕೊಂಡಿತ್ತು. ಹೊಸದಾಗಿ ಬಂದ ತಾಯಿ ತನ್ನ ಒಂದೂವರೆ ವರ್ಷದ ಮಗಳನ್ನು ಅದರ ಮೇಲೆ ಮಲಗಿಸಲು ಒಪ್ಪದೆ, ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತಳು. ಮೂರನೇ ಮಂಚದ ಅಜ್ಜಿ ಕನಿಕರಪಟ್ಟು, ಫಿಟ್ಸ್ ಇದ್ದ ತನ್ನ ಮೊಮ್ಮಗನನ್ನು ಆರಕ್ಕೆ ಒಯ್ದು, ಮೂರನ್ನು ಅವಳಿಗೆ ಬಿಟ್ಟುಕೊಟ್ಟಳು. ಪುಸ್ತಕದಲ್ಲಿ ನಂಬರು ಹಾಗೆಯೇ ಉಳಿಯಿತು. ಮಧ್ಯಾಹ್ನದ ಪಾಳಿಗೆ ಬಂದ ನರ್ಸು ಹೆಸರು ಕೇಳದೆ, ಮೂರನೇ ನಂಬರು ಎಂದು ನೋಡಿ, ಫಿಟ್ಸಿನ ಇಂಜೆಕ್ಷನ್ನನ್ನು ನ್ಯುಮೋನಿಯಾದ ಆ ಹುಡುಗಿಗೆ ಕೊಟ್ಟುಬಿಟ್ಟಳು. ಕೂಸಿನ ಉಸಿರು ಇಳಿಯಿತು. ಕಲಬುರಗಿಗೆ ಒಯ್ದು ಮೂರು ದಿನ ಮಷಿನ್ನಿನ ಮೇಲಿಟ್ಟು ಉಳಿಸಿದರು. ಇಷ್ಟು ಹೇಳಿ 'ಹೆಸರು ಕೇಳಿ' ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಈ ವರ್ಷ ಚಿಂಚೋಳಿ ಕಡೆಯ ಸಿದ್ದಲಿಂಗೇಶ ಎಂಬ ವಿದ್ಯಾರ್ಥಿ ಇದ್ದಾನೆ. ಮೊನ್ನೆ ಕೈ ಎತ್ತಿದ. "ಮೇಡಂ, ಚಾರ್ಜ್ ತಗೊಂಡಾಕಿ ತಪ್ಪು ಮಾಡಿದ್ಳು, ಖರೆ. ಚಾರ್ಜ್ ಕೊಟ್ಟಾಕಿ ಏನ್ ಹೇಳಿದ್ಳರಿ?" ಎಂದ. ನಾನು "ಆಕಿ ಹೇಳಿದ್ಳು" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದಿನಿಂದ ನಿನ್ನ ನೆನಪು ಬಿಟ್ಟಿಲ್ಲ. ಒಂದು ದಿನ ಬಂದು ನೀನೇ ಈ ಹುಡುಗ ಹುಡುಗಿಯರಿಗೆ ಎರಡು ಮಾತು ಹೇಳಬಾರದೇ? ನಿನ್ನಂಥ ಕೈ ನಾನು ಯಾವ ನರ್ಸಿನಲ್ಲೂ ಕಂಡಿಲ್ಲ. ಅಳುವ ಕೂಸಿಗೆ ನೀನು ಸೂಜಿ ಚುಚ್ಚಿ ಮುಗಿಸಿದ ಮೇಲೆ ಅದು ಅಳು ಮರೆಯುತ್ತಿತ್ತು.

ನಿನ್ನ ದಾರಿ ನೋಡುವ
ಲುಂಬಿನಿ


ದಂಡೋತಿ
3 ಆಗಸ್ಟ್ 2024

ಲುಂಬಿನಿ ಮೇಡಂ ಅವರಿಗೆ,

ಕಾಗದವನ್ನು ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಗ್ಯಾಸ್ ಬಂದು ನಾಲ್ಕು ವರ್ಷವಾಯಿತು.

ಐದು ವರ್ಷ ನನ್ನನ್ನು ಬೋರ್ಡಿನ ಮೇಲೆ ಬರೆದು ಅಳಿಸಿ, ಈಗ ಕರೆಯುತ್ತಿದ್ದೀಯ. ಶಹಬ್ಬಾಸ್. ಬಂದು ಎಲ್ಲಿ ನಿಲ್ಲಬೇಕು, ಬೋರ್ಡಿನ ಎಡಕ್ಕೋ ಬಲಕ್ಕೋ?

ನಾನು ಬರುವುದಿಲ್ಲ. ನನ್ನ ಬದುಕು ಹೇಗಿದೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಲಸದಿಂದ ತೆಗೆದ ಮರುವರ್ಷವೇ ಮದುವೆಯಾಯಿತು. ಅರುಣಕುಮಾರ ಒಳ್ಳೆಯ ಮನುಷ್ಯ. ಎರಡು ಎಮ್ಮೆ, ಹೊಲ, ಏಳು ವರ್ಷದ ಮಗಳು. ಊರವರು ಇನ್ನೂ ನನ್ನನ್ನು ಸಿಸ್ಟರ್ ಎನ್ನುತ್ತಾರೆ. ಯಾರಿಗಾದರೂ ಜ್ವರ ಬಂದರೆ ಮಾತ್ರೆ ಹಿಡಿದುಕೊಂಡು ಬಂದು "ಇದು ಎಷ್ಟು ಹೊತ್ತಿಗೆ ಕೊಡಬೇಕ್ರಿ?" ಎಂದು ಕೇಳುತ್ತಾರೆ. ನಾನು ಒಳಗೆ ಹೋಗಿಬಿಡುತ್ತೇನೆ. ನನ್ನ ಸ್ವಂತ ಮಗಳಿಗೆ ಕೆಮ್ಮಿನ ಔಷಧಿಯನ್ನು ಚಮಚಕ್ಕೆ ಹಾಕುವವನು ಅವಳ ಅಪ್ಪ. ನಾನು ಬಾಟಲಿ ಮುಟ್ಟುವುದಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ಓಣಿಯಿಂದ ತಿರುಗಿ ಬರುತ್ತೇನೆ, ಒಂದು ಸಲವಲ್ಲ, ಮೂರು ಸಲ. ನನ್ನ ಅತ್ತೆ ಇದನ್ನು ಮೈಗಳ್ಳತನ ಎನ್ನುತ್ತಾರೆ.

ಯಾಕೆ ಹೀಗೆ ಎಂದು ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ. ನನಗೆ ನನ್ನ ಕಿವಿಯ ಮೇಲೆ, ನನ್ನ ನೆನಪಿನ ಮೇಲೆ ನಂಬಿಕೆ ಹೋಗಿದೆ. ವಿಚಾರಣೆಯಲ್ಲಿ ನೀನು "ಮಂಚ ಬದಲಾಗಿದೆ ಎಂದು ಹೇಳಿದ್ದೆ" ಎಂದೆ. ನಾನು "ಕೇಳಿದ ನೆನಪಿಲ್ಲ" ಎಂದೆ. ನೀನು ಗಟ್ಟಿಯಾಗಿ ಹೇಳಿದೆ, ನಾನು ಅಳುತ್ತಾ ಹೇಳಿದೆ. ದೊಡ್ಡ ಡಾಕ್ಟರು ಗಟ್ಟಿಯಾಗಿ ಹೇಳಿದವಳನ್ನು ನಂಬಿದರು. ನಾನೂ ನಂಬಿದೆ. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ತಾಟಿನಲ್ಲಿ ರೊಟ್ಟಿ ಮುರಿದವಳು ಸುಳ್ಳು ಹೇಳುತ್ತಾಳೆಂದು ಯಾಕೆ ಅಂದುಕೊಳ್ಳಬೇಕು? ನಾನೇ ಕೇಳಿ ಮರೆತೆ ಎಂದುಕೊಂಡೆ. ಕೂಸಿನ ಜೀವಕ್ಕೆ ಸಂಬಂಧಿಸಿದ ಮಾತನ್ನು ಒಂದು ಗಂಟೆಯಲ್ಲಿ ಮರೆತವಳು ನಾಳೆ ಇನ್ನೇನು ಮರೆಯುತ್ತಾಳೆ?

ಹೆಸರು ಕೇಳದ್ದು ನನ್ನ ತಪ್ಪು. ಅದನ್ನು ನಾನು ಹೊತ್ತುಕೊಂಡಿದ್ದೇನೆ, ಇಳಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಕೇಳುವುದು ಇಷ್ಟೇ. ಅವತ್ತು ಎರಡು ಗಂಟೆಗೆ, ಮೇಜಿನ ಹತ್ತಿರ, ಮೂರೂ ಆರೂ ಅದಲುಬದಲಾಗಿವೆ ಎಂದು ನೀನು ನನಗೆ ಹೇಳಿದ್ದೆಯಾ?

ಉಮಾದೇವಿ


ಸೇಡಂ
11 ಆಗಸ್ಟ್ 2024

ಪ್ರೀತಿಯ ಉಮಾ,

ನೀನು ಬರೆದೆಯಲ್ಲ, ಅದೇ ನನಗೆ ಹಬ್ಬ. ಎರಡು ಸಲ ಓದಿದೆ, ಶ್ರಾವಣದ ರಜೆಯಲ್ಲಿ ವಾಡಿಗೆ ಹೋದಾಗ ಅಪ್ಪನಿಗೂ ನಿನ್ನ ಸುದ್ದಿ ಹೇಳಿದೆ. ಅಪ್ಪ ಧರ್ಮಣ್ಣನವರಿಗೆ ಈಗ ಕಿವಿ ಮಂದ, ಆದರೂ ನಿನ್ನ ಹೆಸರು ಕೇಳಿ "ಆ ನಗೂ ಹುಡುಗಿ ಹೆಂಗದಾಳ?" ಎಂದರು.

ಇಲ್ಲಿ ಪಾಠ ಜೋರಾಗಿ ನಡೆದಿದೆ. ಮೊದಲು ಗೊಂಬೆ ಇಟ್ಟು ಕಲಿಸುತ್ತೇನೆ. ಸಿದ್ದಲಿಂಗೇಶ ಗೊಂಬೆಯ ಮುಂದೆ ನಿಂತು ಹೆಸರು, ತೂಕ, ಔಷಧಿ ಎಲ್ಲವನ್ನೂ ವಾಡಿ ಜಂಕ್ಷನ್ನಿನಲ್ಲಿ ಗಾಡಿಯ ಸುದ್ದಿ ಕೂಗುವ ಹಾಗೆ ಒಂದೇ ಉಸಿರಿಗೆ ಕೂಗಿದ. "ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರ್ತದಪ್ಪಾ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಆಮೇಲೆ ನಿಧಾನವಾಗಿ ಹೇಳಿದ.

ಈಗ ನಾವು ತಾಯಿ ತಂದೆಯರನ್ನು ಹೊರಗೆ ಕಳಿಸುವುದಿಲ್ಲ. ಮಂಚದ ಹತ್ತಿರವೇ ನಿಂತು, ಕೂಸಿನ ಕೈಯ ಪಟ್ಟಿ ನೋಡಿ, ಹೆಸರನ್ನು ಮನೆಯವರ ಬಾಯಿಂದಲೇ ಕೇಳಿ ಒಪ್ಪಿಸಬೇಕು. ಮೊನ್ನೆ ವಾರ್ಡಿನಲ್ಲಿ ಒಬ್ಬ ಹುಡುಗಿ "ಹನ್ನೆರಡಕ್ಕೆ ಜ್ವರದ ಔಷಧಿ ಕೊಟ್ಟಾಗಿದೆ" ಎಂದು ಓದಿದಳು. ಪಕ್ಕದಲ್ಲಿ ನಿಂತಿದ್ದ ಕೂಸಿನ ತಂದೆ ಫಕೀರಸಾಬ, "ಕೊಟ್ಟೀರಿ ಖರೆ ಸಿಸ್ಟರ್, ಅಂವ ಎಲ್ಲಾ ಉಗುಳ್ಯಾನ. ನನ್ನ ಅಂಗಿ ನೋಡ್ರಿ" ಎಂದು ಕೆಂಪು ಕಲೆ ತೋರಿಸಿದ. ಪುಸ್ತಕದಲ್ಲಿ ಇಲ್ಲದ್ದು ಅಂಗಿಯ ಮೇಲಿತ್ತು.

ಕೊನೆಗೊಂದು ಕಟ್ಟಳೆ ಇದೆ. ಚಾರ್ಜ್ ತೆಗೆದುಕೊಳ್ಳುವವಳು ತಾನು ಕೇಳಿದ್ದನ್ನೆಲ್ಲ ತಿರುಗಿ ಹೇಳಿ, "ಸರಿಯೇ?" ಎಂದು ಕೇಳಬೇಕು. ತಪ್ಪಿದ್ದರೆ ಕೊಡುವವಳು ತಿದ್ದಬೇಕು, ಬಿಟ್ಟುಹೋದದ್ದನ್ನು ಸೇರಿಸಬೇಕು, ಆಮೇಲೆ "ಸರಿ" ಎನ್ನಬೇಕು. ಅಲ್ಲಿಯವರೆಗೆ ಇಬ್ಬರೂ ಮಂಚ ಬಿಟ್ಟು ಕದಲುವಂತಿಲ್ಲ.

ನೀನು ಕೇಳಿದ್ದರ ಬಗ್ಗೆ ಎದುರಿಗೆ ಸಿಕ್ಕಾಗ ಮಾತಾಡೋಣ. ಹಳೆಯ ಮಾತು, ಇಬ್ಬರಿಗೂ ವಯಸ್ಸು ಚಿಕ್ಕದಿತ್ತು. ಮಗಳಿಗೆ ಮುತ್ತು.

ನಿನ್ನ ಲುಂಬಿನಿ


ದಂಡೋತಿ
6 ಸೆಪ್ಟೆಂಬರ್ 2024

ಲುಂಬಿನಿ,

ಕಾಗಿಣಾ ಹೊಳೆ ತುಂಬಿ ಸೇತುವೆಯ ಮೇಲೆ ನೀರು ಹರಿಯಿತು. ಟಪಾಲು ತಡವಾಗಿ ಬಂತು.

ನಾನು ಕೇಳಿದ್ದು ಒಂದು ಮಾತು. ನೀನು ಬರೆದದ್ದು ನಾಲ್ಕು ಪುಟ. ಫಕೀರಸಾಬನ ಅಂಗಿಯ ಕಲೆ ಇದೆ, ನಿನ್ನಪ್ಪನ ಕಿವಿ ಇದೆ, ಗೊಂಬೆ ಇದೆ. ನನಗೆ ಬೇಕಾದ ಒಂದು ಸಾಲು ಮಾತ್ರ ಇಲ್ಲ.

ಅದನ್ನು ಬರೆಯುವುದಾದರೆ ಬರೆ. ಇಲ್ಲವಾದರೆ ಟಪಾಲಿನವನಿಗೆ ಸುಮ್ಮನೆ ತ್ರಾಸು ಕೊಡಬೇಡ.

ಉಮಾದೇವಿ


ಸೇಡಂ
20 ಅಕ್ಟೋಬರ್ 2024

ಉಮಾ,

ಇಲ್ಲ. ನಾನು ಹೇಳಲಿಲ್ಲ.

ಮೊದಲ ಸಾಲಿಗೇ ಬರೆದೆ, ಕೆಳಗಿನದೆಲ್ಲ ನೀನು ಓದದೆ ಬಿಟ್ಟರೂ ನಿನ್ನ ಪ್ರಶ್ನೆಗೆ ಉತ್ತರ ಸಿಗಲಿ ಎಂದು.

ಆರು ವಾರ ತೆಗೆದುಕೊಂಡೆ. ಹೇಡಿಗೆ ಅಷ್ಟು ಬೇಕಾಯಿತು. ನಿನ್ನ ಕಾಗದ ಬಂದ ಮೇಲೆ ತರಗತಿಗೆ ಹೋದಾಗಲೆಲ್ಲ ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಹೋದ ಭಾನುವಾರ ಬಸ್ಸು ಹಿಡಿದು ತೆಂಗಳಿಗೆ ಹೋದೆ. ಆ ಕೂಸಿನ ತಾಯಿ ದಾನಮ್ಮ ಇರುವುದು ಅಲ್ಲಿಯೇ. ಅವಳಾದರೂ ನನ್ನನ್ನು ಬೈದರೆ ಬರೆಯಲು ಧೈರ್ಯ ಬಂದೀತು ಎಂದುಕೊಂಡಿದ್ದೆ. ಅವಳು ಚಹಾ ಕೊಟ್ಟಳು. ಕೂಸು ಪೀರಮ್ಮ ಈಗ ಐದನೇ ಇಯತ್ತೆ. ಅಜ್ಜಿಯ ಹೆಸರಿಟ್ಟದ್ದಕ್ಕೆ ಶಾಲೆಯಲ್ಲಿ ಎಲ್ಲರೂ ಮುದುಕಿ ಎನ್ನುತ್ತಾರೆಂದು ನನ್ನ ಮುಂದೆಯೇ ತಾಯಿಯ ಜೊತೆ ಜಗಳ ತೆಗೆದಳು. ಆ ದನಿ ಕೇಳಿ ನನಗೆ ಅಳು ಬಂತು.

ದಾನಮ್ಮ ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದಾಳೆ. "ನಾ ಆ ಮಂಚ ಬ್ಯಾಡ ಅಂದಿದ್ದಕ್ಕೇ ಹಿಂಗಾತ್ರಿ. ಆವತ್ತಿನಿಂದ ನಾ ಯಾವ ಶಕುನಾನೂ ನೋಡಂಗಿಲ್ಲ. ಇಮಾಮ್ಬೀ ಆಯಿ ಪಾಪ, 'ಮಂಚ ಏನ್ ಮಾಡ್ತದವ್ವಾ, ಅಲ್ಲಾ ಅದಾನ' ಅಂತ ತನ್ನ ಜಾಗಾ ಕೊಟ್ಟಳು. ಆಕಿ ಮೊಮ್ಮಗಗೂ ಔಷಧಿ ತಪ್ಪಿ ಮತ್ತ ಫಿಟ್ಸ್ ಬಂತು" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮನ್ನ ಕೇಳೇ ಬದ್ಲಿ ಮಾಡಿದ್ದಿವಲ್ರಿ ಸಿಸ್ಟರ್ ಬಾಯಿ. ನೀವು 'ಆಯ್ತು, ನಾ ಬರಕೋತೀನಿ' ಅಂದಿದ್ರಿ. ನಮ್ಮನ್ನ ಹೊರಗ ಹಾಕದಿದ್ರ ನಾನರ ಹೇಳ್ತಿದ್ದೆ" ಎಂದಳು. ಬೈಯುವ ದನಿಯಲ್ಲಿ ಹೇಳಲಿಲ್ಲ. ಅದೇ ಕಷ್ಟವಾಯಿತು.

ಹೌದು, ನನ್ನನ್ನು ಕೇಳಿದ್ದರು. ಆ ತಾಯಿ ನೆಲದ ಮೇಲೆ ಕುಳಿತದ್ದನ್ನು ನೋಡಿ ನಾನೇ ಒಪ್ಪಿದೆ. ಆ ಒಪ್ಪಿಗೆ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ನಂಬರು ತಿದ್ದಲು ಪೆನ್ನು ತೆಗೆದಾಗ ಯಾರೋ ಕರೆದರು, ಹೋದೆ. ಅಪ್ಪನ ಕಣ್ಣಿನ ಆಪರೇಷನ್ ಆಗಿತ್ತು, ಅವತ್ತು ಪಟ್ಟಿ ಬಿಚ್ಚುವ ದಿನ. ಎರಡು ಇಪ್ಪತ್ತಕ್ಕೆ ವಾಡಿಯ ಪ್ಯಾಸೆಂಜರ್. ಎಂಟು ಕೂಸುಗಳನ್ನು ನಾಲ್ಕು ನಿಮಿಷದಲ್ಲಿ ಒಪ್ಪಿಸಿ ಓಡಿದೆ.

ಇನ್ನೊಂದಿದೆ. ಇದನ್ನು ಯಾರೂ ಕೇಳಿಲ್ಲ, ಯಾರಿಗೂ ಗೊತ್ತಿಲ್ಲ. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ನನಗೆ ನೆನಪಾಯಿತು. ಇಂಜೆಕ್ಷನ್ ಇದ್ದದ್ದು ಮೂರು ಗಂಟೆಗೆ. ಫೋನು ಕೈಯಲ್ಲಿತ್ತು. ಉಮಾ ಜಾಣೆ, ಹೆಸರು ಕೇಳಿಯೇ ಕೊಡುತ್ತಾಳೆ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿದೆ. ಫೋನು ಮಾಡಿದರೆ ನಂಬರು ತಿದ್ದದೆ ಬಿಟ್ಟದ್ದಕ್ಕೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಅಂಜಿಕೆಯೂ ಇತ್ತು. ಅದೇ ಅಂಜಿಕೆಯಿಂದ ಆಮೇಲೆ ವಿಚಾರಣೆಯಲ್ಲಿ "ಹೇಳಿದ್ದೆ" ಎಂದೆ. ನಿನ್ನ ಕೆಲಸ ಹೋಯಿತು. ನೀನು ಬಾಟಲಿ ಮುಟ್ಟುವುದಿಲ್ಲ ಎಂದು ಓದಿದಾಗ ನನಗೆ ತಿಳಿಯಿತು, ಹೋದದ್ದು ಕೆಲಸವಷ್ಟೇ ಅಲ್ಲ.

ಮೂರು ಜನ ಹೆಂಗಸರಲ್ಲಿ ಇಬ್ಬರು ಒಂಬತ್ತು ವರ್ಷ ತಪ್ಪು ತಮ್ಮದೆಂದು ಕೊರಗಿದ್ದೀರಿ. ನಿಜವಾಗಿ ಕೊರಗಬೇಕಾದವಳು ಅದನ್ನು ಪಾಠ ಮಾಡಿಕೊಂಡು ಪಗಾರ ತಿಂದಳು.

ಶುಕ್ರವಾರ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ, ನನ್ನ ಹೆಸರು ಹಿಡಿದು. ಸಿದ್ದಲಿಂಗೇಶ ಎದ್ದು ಹೋಗಿ ನನಗೆ ನೀರು ತಂದುಕೊಟ್ಟ. ಪ್ರಿನ್ಸಿಪಾಲರಿಗೂ, ಶಹಾಬಾದಿನ ಆಸ್ಪತ್ರೆಗೂ ಬರೆದುಕೊಟ್ಟಿದ್ದೇನೆ. ಪ್ರಿನ್ಸಿಪಾಲರು ಓದಿ ಡ್ರಾಯರಿನಲ್ಲಿ ಇಟ್ಟುಕೊಂಡರು. ಕೆಲಸ ಉಳಿಯುತ್ತದೋ ಹೋಗುತ್ತದೋ ತಿಳಿಯದು. ಹೋದರೆ ನನಗೆ ನ್ಯಾಯವೇ.

ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ. ನೀನು ಏನನ್ನೂ ಮರೆತಿರಲಿಲ್ಲ, ಉಮಾ. ಇದೊಂದನ್ನು ನಂಬು.

ಲುಂಬಿನಿ


ದಂಡೋತಿ
17 ನವೆಂಬರ್ 2024

ಲುಂಬಿನಿ,

ನಿನ್ನ ಕಾಗದ ಬಂದ ದಿನ ನಾನು ತೊಗರಿ ಹೊಲಕ್ಕೆ ಹೋಗಿ, ಯಾರೂ ಇಲ್ಲದ ಕಡೆ ನಿಂತು ನಿನ್ನನ್ನು ಬೈದೆ. ಗಂಟಲು ಕಟ್ಟುವ ತನಕ ಬೈದೆ. ನಮ್ಮ ಎಮ್ಮೆಗೂ ಅಂಥ ಮಾತು ಆಡಿಲ್ಲ. ಗಾಡಿಯಲ್ಲಿ ನೆನಪಾಯಿತು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಿನ್ನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಜಾಣೆ ಎಂದು ನಂಬಿ ನನ್ನನ್ನು ಕೆಡವಿದವಳು ನೀನೊಬ್ಬಳೇ.

ಮೂರು ವಾರ ಬರೆಯಲಿಲ್ಲ. ಅಷ್ಟರಲ್ಲಿ ದೀಪಾವಳಿ ಆಯಿತು, ಮಗಳಿಗೆ ನೆಗಡಿ ಕೆಮ್ಮು ಹಿಡಿಯಿತು. ಮೊನ್ನೆ ಸಂಜೆ ಅರುಣಕುಮಾರ ಹೊಲದಿಂದ ಬರುವುದು ತಡವಾಯಿತು. ಕೂಸು ಕೆಮ್ಮುತ್ತಿತ್ತು. ನಾನು ಬಾಟಲಿ ತೆಗೆದೆ, ಹೆಸರು ಓದಿದೆ, ಚಮಚದ ಗೆರೆ ನೋಡಿದೆ, ಹಾಕಿದೆ, ಕುಡಿಸಿದೆ. ಅಷ್ಟರಲ್ಲಿ ಆತ ಬಂದು ಬಾಗಿಲಲ್ಲೇ ನಿಂತುಬಿಟ್ಟ. "ನೀ ಹಾಕಿದೇನು?" ಎಂದ. "ಹೂಂ, ಸರಿಯಾಗೇ ಹಾಕೀನಿ" ಎಂದೆ. ಆತ ಎತ್ತುಗಳನ್ನು ಕಟ್ಟುವುದೇ ಮರೆತು ಹೊಸ್ತಿಲ ಮೇಲೆ ಕುಳಿತ. ಆಮೇಲೆ ಇಬ್ಬರೂ ಅತ್ತೆವು, ಮಗಳು ನಮ್ಮನ್ನು ನೋಡಿ ನಕ್ಕಳು.

ಕ್ಷಮಿಸಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಬಿಡು. ಡಿಸೆಂಬರ್ ಐದು, ಗುರುವಾರ, ಮಗಳ ಶಾಲೆ ಬಿಡಿಸಿಯಾದರೂ ಬರುತ್ತೇನೆ. ನಿನ್ನ ಕೆಲಸ ಇದ್ದರೂ ಬರುತ್ತೇನೆ, ಹೋಗಿದ್ದರೂ ಬರುತ್ತೇನೆ. ದಾನಮ್ಮನನ್ನು ಕರೆಸು, ಬಸ್ಸಿನ ಟಿಕೆಟ್ ನೀನು ತೆಗೆಸು. ಅವಳು ವರಾಂಡದಲ್ಲಿ ನಿಲ್ಲಬಾರದು, ಮಂಚದ ಹತ್ತಿರ ನಿಲ್ಲಬೇಕು. ಗೊಂಬೆಯನ್ನು ನೀನು ಒಪ್ಪಿಸು, ನಾನು ಚಾರ್ಜ್ ತೆಗೆದುಕೊಳ್ಳುತ್ತೇನೆ. ಹುಡುಗರು ನೋಡಲಿ.

ಅದಕ್ಕೂ ಮುಂಚೆ ಒಂದು ಚಾರ್ಜ್ ಬಾಕಿ ಇದೆ. ನೀನು ಹೇಳಿದ್ದನ್ನು ನಿನ್ನ ಕಟ್ಟಳೆಯ ಪ್ರಕಾರ ತಿರುಗಿ ಹೇಳುತ್ತೇನೆ, ಕೇಳು.

ಮೂರೂ ಆರೂ ಬದಲಾದದ್ದು ನಿನಗೆ ಗೊತ್ತಿತ್ತು. ನೀನು ಬರೆಯಲಿಲ್ಲ. ನನಗೆ ಹೇಳಲಿಲ್ಲ. ಗಾಡಿಯಲ್ಲಿ ನೆನಪಾದರೂ ಫೋನು ಮಾಡಲಿಲ್ಲ. ಕೇಳಿದಾಗ ಹೇಳಿದ್ದೆ ಎಂದು ಸುಳ್ಳಾಡಿದೆ. ನಾನು ಹೆಸರು ಕೇಳಲಿಲ್ಲ, ಅದು ನನ್ನದು. ದಾನಮ್ಮನದು ಏನೂ ತಪ್ಪಿಲ್ಲ, ಇಮಾಮ್ಬೀ ಅಜ್ಜಿಯದೂ ಇಲ್ಲ. ಕೂಸು ಬದುಕಿದೆ, ಐದನೇ ಇಯತ್ತೆ, ತಾಯಿಯ ಜೊತೆ ಜಗಳಾಡುತ್ತದೆ. ನಾನು ಏನನ್ನೂ ಮರೆಯಲಿಲ್ಲ.

ಸರಿಯೇ?

ಉಮಾ


ಸೇಡಂ
23 ನವೆಂಬರ್ 2024

ಉಮಾ,

ಒಂದು ಬಿಟ್ಟಿದೆ, ಸೇರಿಸಬೇಕು. ಬಿಟ್ಟವಳು ನಾನೇ. ದಾನಮ್ಮ ತೆಂಗಳಿಯಲ್ಲಿ ಹೇಳಿದ್ದನ್ನು ಹಿಂದಿನ ಕಾಗದದಲ್ಲಿ ಬರೆಯಲಿಲ್ಲ. ಬರೆದರೆ ನಿನ್ನನ್ನು ಹೊಗಳಿ ಕ್ಷಮೆ ಕೇಳಿದಂತಾಗುತ್ತದೆ ಎಂದು ಬಿಟ್ಟೆ. ಆದರೆ ಅದು ನಿನಗೆ ಸೇರಬೇಕಾದ ಮಾತು.

ಆ ಮಧ್ಯಾಹ್ನ ಕೂಸಿನ ಉಸಿರು ಇಳಿಯುತ್ತಿದೆ ಎಂದು ಮೊದಲು ಕಂಡವಳು ನೀನು. ಔಷಧಿ ಯಾರಿಗೆ ಹೋಗಿದೆ ಎಂದು ಗೊತ್ತಾದ ಕೂಡಲೇ, ಮುಚ್ಚಿಡದೆ, ಎಲ್ಲರೆದುರು ಕೂಗಿ ಹೇಳಿದವಳೂ ನೀನು. ಡಾಕ್ಟರು ಬರುವ ತನಕ, ಆಮೇಲೆ ಆಂಬುಲೆನ್ಸಿನಲ್ಲಿ ಕಲಬುರಗಿ ತನಕ, ನೀನು ಕೂಸಿನ ಮುಖಕ್ಕೆ ಗಾಳಿಯ ಚೀಲ ಹಿಡಿದು ಒತ್ತುತ್ತಲೇ ಇದ್ದೆ. "ಅಳಾಕತ್ತಿದ್ಳು ಖರೆ, ಆದ್ರ ಕೈ ಬಿಡಲಿಲ್ರಿ. ನನ್ನ ಮಗಳು ಉಳಿದದ್ದು ಆ ಬಾಯಿ ಕೈಯಾಗ" ಎಂದಳು ದಾನಮ್ಮ. ಇದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆಯಲಿಲ್ಲ, ಐದು ವರ್ಷ ನಾನು ತರಗತಿಯಲ್ಲೂ ಹೇಳಲಿಲ್ಲ. ಗುರುವಾರ ಮೊದಲು ಹೇಳುವುದು ಇದನ್ನೇ.

ಉಳಿದದ್ದು ಸರಿ.

ಲುಂಬಿನಿ